ರಾತ್ರಿ ಶಾಲೆ ಕಲಿಸಿದ ನಾಯಕತ್ವ

ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯೊಂದರ ಮುಖ್ಯಾಧ್ಯಾಪಕಿಯಾಗಿ ನಾನು ಮಾಡುವ ಕೆಲಸದ ಬಹುಪಾಲನ್ನು ಕಲಿಸಿದ್ದು ಬಿ.ಎಡ್. ತರಗತಿಯಲ್ಲ, ಈ ನಗರದ ರಾತ್ರಿ ಶಾಲೆ. ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ದುಡಿದು ಸಂಜೆ ಪುಸ್ತಕ ಹಿಡಿದು ಬರುತ್ತಿದ್ದ ಕರಾವಳಿಯ ಹುಡುಗರಿಗೆ ಪಾಠ ಹೇಳುತ್ತಿದ್ದಾಗ, ತಡವಾಗಿ ಬಂದವನನ್ನು ಗದರಿಸುವ ಮೊದಲು ಅವನ ಊಟವಾಗಿದೆಯೇ ಎಂದು ವಿಚಾರಿಸುವುದು ನನಗೆ ರೂಢಿಯಾಯಿತು. ಇಂದು ಸಹೋದ್ಯೋಗಿಯೊಬ್ಬರು ಲೋಕಲ್ ರೈಲು ತಪ್ಪಿ ತಡವಾದರೂ ಮೊದಲು ಕಾರಣ ಕೇಳುತ್ತೇನೆ. ಹಾಜರಿ ಪುಸ್ತಕ ಆಮೇಲೆ.

2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಭಾಗ ಪೋಷಕರೂ, ಅರ್ಧದಷ್ಟು ಮಹಿಳೆಯರೂ ಇರಬೇಕು. ಸಂಖ್ಯೆ ತುಂಬುವುದು ಸುಲಭ. ಆದರೆ ಕಲಬುರಗಿ, ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ತಾಯಂದಿರು ಅಲ್ಲಿ ಮಾತನಾಡುವಂತಾಗಬೇಕಾದರೆ, ಮುಖ್ಯಾಧ್ಯಾಪಕರು ಸುಮ್ಮನಿದ್ದು ಕೇಳಲು ಕಲಿಯಬೇಕು, ಮತ್ತು ಇದು ಆಡಳಿತದ ಯಾವ ತರಬೇತಿಗಿಂತಲೂ ಕಷ್ಟದ ಕಲಿಕೆಯೆಂದು ನಾನು ದೃಢವಾಗಿ ನಂಬಿದ್ದೇನೆ. "ಅಕ್ಕೋರ, ಮಧ್ಯಾಹ್ನ ಮೀಟಿಂಗ್ ಇಟ್ರ ನಮ್ಮ ಪಗಾರ ಹೋಗ್ತದರಿ" ಎಂದು ಒಬ್ಬ ತಾಯಿ ಹೇಳಿದಾಗ, ಅಷ್ಟು ದಿನ ಹಾಜರಾತಿ ಏಕೆ ಕಡಿಮೆಯಿತ್ತೆಂಬುದು ಎಲ್ಲರಿಗೂ ಅರ್ಥವಾಯಿತು. (ಅದಕ್ಕೂ ಮೊದಲು ಅದನ್ನು ಪೋಷಕರ ನಿರಾಸಕ್ತಿ ಎಂದೇ ದಾಖಲಿಸಲಾಗುತ್ತಿತ್ತು.) ಈಗ ಸಭೆ ಸಂಜೆ ನಡೆಯುತ್ತದೆ, ಮರಾಠಿಯಲ್ಲಿ ಬರುವ ಸುತ್ತೋಲೆಗಳನ್ನು ಅಲ್ಲಿಯೇ ಕನ್ನಡದಲ್ಲಿ ಓದಿ ಹೇಳುತ್ತೇವೆ. ಮಹಾರಾಷ್ಟ್ರ ಮಂಡಳಿಯ ಹತ್ತನೇ ತರಗತಿಯ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿಯೂ ಬರೆಯಬಹುದೆಂಬುದು ಹಲವರಿಗೆ ತಿಳಿದದ್ದು ಇಂಥ ಸಭೆಯಲ್ಲಿಯೇ. ಜೂನ್‌ನಲ್ಲಿ ಶಾಲೆ ತೆರೆಯುವ ಮುನ್ನ ಆ ತಾಯಂದಿರೇ ಮನೆಮನೆಗೆ ಹೋಗಿ ಇದನ್ನು ತಿಳಿಸಲು ಒಪ್ಪಿದ್ದಾರೆ.