ಹಗಲಲ್ಲೇ ಕದ್ದ ಕುದುರೆ

ಕ್ಲೈಂಟ್ ಸ್ಕ್ರೀನಿಂಗ್ ಶುರುವಾಗಿ ನಾಲ್ಕು ನಿಮಿಷ ಆಗಿತ್ತಷ್ಟೆ. "ಇವನು ನಡುಮಧ್ಯಾಹ್ನ ಲಾಟೀನು ಹಿಡ್ಕೊಂಡು ಯಾಕೆ ಓಡಾಡ್ತಿದ್ದಾನೆ?" ಅಂತ ಕಾಲ್‌ನ ಆ ಕಡೆಯಿಂದ ಪ್ರಶ್ನೆ ಬಂತು. ನಮ್ಮ ಫಿಲ್ಮ್ ರಿಸ್ಟೋರೇಷನ್ ಕೋಣೆಯಲ್ಲಿದ್ದ ಐದು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಆ ಶಾಟನ್ನು ಮೂರು ದಿನ ಕೂತು ಒಂದೊಂದೇ ಫ್ರೇಮ್ ಕ್ಲೀನ್ ಮಾಡಿದವರು ನಾವೇ.

ಕೆಲಸ ಚಿಕ್ಕದು. 1910ರ ದಶಕದ ಅಮೆರಿಕನ್ ಮೂಕಿ ವೆಸ್ಟರ್ನ್, ಒಂದೇ ರೀಲು. ಮೂಲದ ನೈಟ್ರೇಟ್ ಪ್ರಿಂಟ್ (ಆ ಕಾಲದ ಫಿಲ್ಮು) ಉಳಿದಿಲ್ಲ. ಅದರಿಂದ ಎಷ್ಟೋ ವರ್ಷದ ಹಿಂದೆ ತೆಗೆದಿಟ್ಟ ಕಪ್ಪು-ಬಿಳುಪು ಅಸಿಟೇಟ್ ಡ್ಯೂಪ್ ನೆಗೆಟಿವ್, ಅಂದರೆ ನಕಲು ನೆಗೆಟಿವ್, ಸ್ಕ್ಯಾನಿಗೆ ಬಂದಿತ್ತು. 912 ಅಡಿ, ಅಡಿಗೆ 16ರಂತೆ 14,592 ಫ್ರೇಮು. ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿದರೆ ಹತ್ತೇ ನಿಮಿಷಕ್ಕೆ ಮುಗಿಯುತ್ತದೆ, ಕುದುರೆಗಳ ಕಾಲು ಹೊಲಿಗೆ ಮೆಷಿನ್ ಸೂಜಿಯ ಹಾಗೆ ಆಡುತ್ತವೆ. 18ಕ್ಕೆ ಇಟ್ಟಾಗ ನಾಗಾಲೋಟ ನಾಗಾಲೋಟದಂತೆ ಕಂಡಿತು; ಉದ್ದ 13 ನಿಮಿಷ 31 ಸೆಕೆಂಡ್.

ಕಥೆ ಇಷ್ಟು: ರ‍್ಯಾಂಚಿನ ಯಜಮಾನನ ಕುದುರೆ ಕಳುವಾಗುತ್ತದೆ. ಕಿಟಕಿಯಿಂದ ನೋಡಿದ ಹೆಂಗಸು ಆಳಿನ ಹೆಸರು ಹೇಳುತ್ತಾಳೆ. ಷರೀಫನ ದಂಡು ಅವನನ್ನು ಹಿಡಿದು ಮರದ ಕೆಳಗೆ ನಿಲ್ಲಿಸುತ್ತದೆ. ಹಗ್ಗ ಕೊರಳಿಗೆ ಬೀಳುವ ಹೊತ್ತಿಗೆ ನಿಜವಾದ ಕಳ್ಳ ಸಿಕ್ಕಿಬೀಳುತ್ತಾನೆ.

ಕಳವಿನ ಶಾಟು ಕಣ್ಣು ಕುಕ್ಕುವ ಬಿಸಿಲಲ್ಲಿತ್ತು. ಆಕಾಶ ಅಚ್ಚ ಬಿಳಿ, ಬೇಲಿಯ ಗೂಟಗಳ ನೆರಳು ನೆಲದ ಮೇಲೆ ಗೆರೆ ಎಳೆದಂತೆ. ಅದಾದ ಮೇಲೆ "ಮರುದಿನ ಬೆಳಿಗ್ಗೆ" ಎನ್ನುವ ಟೈಟಲ್ ಕಾರ್ಡ್. ಶಾಟಿನ ಎರಡೂ ತುದಿಯಲ್ಲಿ ಮೂಲದಿಂದ ಪ್ರಿಂಟ್ ಆಗಿ ಬಂದ ಸ್ಪ್ಲೈಸ್ (ಫಿಲ್ಮ್ ಅಂಟಿಸಿದ ಜೋಡಣೆ) ಗುರುತು. ಯಾರೋ ಹಿಂದೆ ಪ್ರಿಂಟು ಹರಿದಾಗ ಅಂಟಿಸಿದ್ದಾರೆ, ಅಂಟಿಸುವಾಗ ಕಾರ್ಡು ಹಿಂದುಮುಂದಾಗಿದೆ ಎಂದು ತೀರ್ಮಾನಿಸಿದೆವು. ಶಾಟುಗಳ ಕ್ರಮದ ಪಟ್ಟಿಯಾದ ಇಡಿಎಲ್‌ನಲ್ಲಿ ಕಾರ್ಡನ್ನು ಕಳವಿನ ಮುಂದಕ್ಕೆ ತಂದೆವು. ಆ ನಿರ್ಧಾರಕ್ಕೆ ಹಿಡಿದದ್ದು ಐದು ನಿಮಿಷ. ಲಾಗ್ ಶೀಟಿನಲ್ಲಿ ಕಾರಣ ಕೂಡ ಬರೆಯಲಿಲ್ಲ.

ನೋಡಿದ್ದರೆ ಎಲ್ಲವೂ ಫ್ರೇಮಿನಲ್ಲೇ ಇತ್ತು. ಕಳ್ಳ ಲಾಟೀನನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಇನ್ನೊಂದು ಕೈಯಿಂದ ಬೇಲಿ ತಡಕುತ್ತಾ ಬರುತ್ತಾನೆ. ಕಿಟಕಿಯ ಹೆಂಗಸು ಗಾಜಿಗೆ ಹಣೆ ಒತ್ತಿ, ಎರಡೂ ಅಂಗೈಯನ್ನು ಕಣ್ಣಿನ ಪಕ್ಕಕ್ಕೆ ಮರೆಯಾಗಿ ಹಿಡಿದು ನೋಡುತ್ತಾಳೆ. ಹಗಲಲ್ಲಿ ಅಂಗಳಕ್ಕೆ ಯಾರೂ ಹಾಗೆ ನೋಡುವುದಿಲ್ಲ. ಅದು ಕತ್ತಲು. ಆ ಪ್ರಿಂಟಿನಲ್ಲಿ ಈ ತುಂಡಿಗೆ ನೀಲಿ ಬಣ್ಣ ಹಾಕಿದ್ದಿರಬೇಕು. ಡ್ಯೂಪ್ ತೆಗೆದಾಗ ನೀಲಿ ಹೋಗಿ ಬಿಸಿಲಷ್ಟೇ ಉಳಿದಿದೆ.

ಆ ಕಾಲದ ಫಿಲ್ಮಿನಲ್ಲಿ ಬಯಲಿನ ರಾತ್ರಿ ದೃಶ್ಯವನ್ನು ರಾತ್ರಿ ತೆಗೆಯುವುದು ಸುಲಭವಿರಲಿಲ್ಲ. ಆಗಿನ ಸ್ಟಾಕ್ (ಕಚ್ಚಾ ಫಿಲ್ಮು) ಆರ್ಥೋಕ್ರೊಮ್ಯಾಟಿಕ್: ನೀಲಿಗೆ ಹೆಚ್ಚು ಸ್ಪಂದಿಸುತ್ತದೆ, ಕೆಂಪು ಅದಕ್ಕೆ ಕಾಣುವುದೇ ಇಲ್ಲ. ಆಕಾಶ ಸುಣ್ಣದ ಗೋಡೆಯಾಗುತ್ತದೆ, ಕೆಂಗಂದು ಕುದುರೆ ಹೆಚ್ಚುಕಡಿಮೆ ಕಪ್ಪಾಗುತ್ತದೆ. ಕೆಂಪು ಫಿಲ್ಟರ್ ಹಾಕಿ ಆಕಾಶ ಕಪ್ಪು ಮಾಡುವ ದಾರಿಯೂ ಇಲ್ಲ. ಹಗಲಲ್ಲೇ ತೆಗೆದು ಪಾಸಿಟಿವನ್ನು (ತೋರಿಸುವ ಪ್ರಿಂಟನ್ನು) ನೀಲಿ ಡೈಯಲ್ಲಿ ಅದ್ದುತ್ತಿದ್ದರು. ರಾತ್ರಿಗೆ ನೀಲಿ, ದೀಪ ಹಚ್ಚಿದ ಕೋಣೆಗೆ ಅಂಬರ್, ಬೆಂಕಿಗೆ ಕೆಂಪು ಎನ್ನುವುದು ಅಂದಿನ ರೂಢಿ. ಒಂದೊಂದು ಬಣ್ಣದ ತುಂಡುಗಳನ್ನು ಬೇರೆಬೇರೆಯಾಗಿ ಅದ್ದಿ ಒಣಗಿಸಿ, ಆಮೇಲೆ ಕಥೆಯ ಕ್ರಮಕ್ಕೆ ಸಿಮೆಂಟ್ ಹಾಕಿ ಅಂಟಿಸುತ್ತಿದ್ದರು. ಹಾಗಾಗಿ ಶಾಟಿನ ಎರಡೂ ತುದಿಗೆ ನೀಟಾದ ಸ್ಪ್ಲೈಸ್ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಬಣ್ಣದ ಬದಲಾವಣೆಯನ್ನು. ಹರಿದು ಅಂಟಿಸಿದ ಜಾಗದಲ್ಲಿ ಸಾಮಾನ್ಯವಾಗಿ ಶಾಟಿನ ನಡುವೆಯೇ ಫ್ರೇಮು ಹೋಗಿರುತ್ತದೆ, ಚಲನೆ ಹಾರುತ್ತದೆ. ಇಲ್ಲಿ ಒಂದು ಫ್ರೇಮೂ ಹಾರಿರಲಿಲ್ಲ.

ಕಾಲ್‌ನಲ್ಲಿ ಕ್ಲೈಂಟ್ ಕಾಯುತ್ತಿರುವಾಗಲೇ ಯಾವ ರಿಪೇರಿಯೂ ಆಗದ ರಾ ಸ್ಕ್ಯಾನ್ ತೆರೆದೆವು. ಹುಡುಕಲು ಹಿಡಿದದ್ದು ಹನ್ನೊಂದು ನಿಮಿಷ. ಸ್ಪ್ಲೈಸ್ ದಾಟಿದ ಕೂಡಲೇ ಇಡೀ ಫ್ರೇಮಿನ ಡೆನ್ಸಿಟಿ (ಕಪ್ಪಿನ ದಟ್ಟಣೆ) ಮೆಟ್ಟಿಲಿನಂತೆ ಬದಲಾಗುತ್ತಿತ್ತು, ಆಕಾಶದ ಬಿಳಿಯಲ್ಲೂ. ಡ್ಯೂಪ್ ಸ್ಟಾಕು ನೀಲಿ ತುಂಡನ್ನೂ ಅಂಬರ್ ತುಂಡನ್ನೂ ಒಂದೇ ತೂಕದಲ್ಲಿ ದಾಖಲಿಸುವುದಿಲ್ಲ, ಅದರ ಗುರುತು ಅದು. ಬೆಳಕಿನ ಮಿನುಗು ತೆಗೆಯುವ ನಮ್ಮ ಡೀಫ್ಲಿಕರ್ ಪಾಸ್ ಆ ಮೆಟ್ಟಿಲನ್ನು ಮೊದಲ ದಿನವೇ ಸಮತಟ್ಟು ಮಾಡಿತ್ತು. ಪ್ರತಿ ಶಾಟು ಎಲ್ಲಿ ಮುಗಿಯುತ್ತದೆ ಎಂದು ಗುರುತು ಹಾಕದೆ ರೀಲಿಗೆಲ್ಲ ಒಂದೇ ಪಾಸ್ ಓಡಿಸಿದರೆ ಹೀಗಾಗುತ್ತದೆ. ಡೆಡ್‌ಲೈನ್ ಹತ್ತಿರ ಬಂದಾಗ ಮೇಲಿನವರು ಓಡಿಸಲು ಹೇಳುವುದೂ ಅದನ್ನೇ.

ಕಾರ್ಡ್ ಜಾಗ ಬದಲಿಸಿದ್ದರಿಂದ ಆದ ಅನ್ಯಾಯ ಸಣ್ಣದಲ್ಲ. ಕತ್ತಲಲ್ಲಿ ನೋಡಿ ತಪ್ಪಾಗಿ ಹೆಸರು ಹೇಳಿದ ಹೆಂಗಸು ನಮ್ಮ ಆವೃತ್ತಿಯಲ್ಲಿ ಬಿಸಿಲಲ್ಲಿ ನೋಡಿಯೂ ಸುಳ್ಳು ಹೇಳುವವಳಾಗಿದ್ದಳು. ಕೊನೆಯಲ್ಲಿ ಅವಳು ಆಳಿನ ಕೈಹಿಡಿದು ಅಳುವುದಕ್ಕೆ ಅರ್ಥವೇ ಉಳಿದಿರಲಿಲ್ಲ.

ಅದೇ ಭಯದಲ್ಲಿ ಉಳಿದದ್ದನ್ನೂ ತಿರುಗಿ ನೋಡಿದಾಗ ಇನ್ನೊಂದು ಸಿಕ್ಕಿತು. ಮರದ ಕೊಂಬೆಯಿಂದ ಇಳಿಬಿದ್ದ ಹಗ್ಗವನ್ನು ಸ್ಕ್ರ್ಯಾಚ್ ಫಿಲ್ಟರ್ 37 ಫ್ರೇಮಿನಲ್ಲಿ ತಿಂದುಹಾಕಿತ್ತು. ತೆಳ್ಳಗೆ, ನೆಟ್ಟಗೆ, ಮೇಲಿಂದ ಕೆಳಗೆ ಇದ್ದದ್ದೆಲ್ಲ ಟೂಲಿಗೆ ಗೀರೇ. ನಿಜವಾದ ರನ್ನಿಂಗ್ ಸ್ಕ್ರ್ಯಾಚ್ (ಫಿಲ್ಮಿನುದ್ದಕ್ಕೂ ಬಿದ್ದ ಗೀರು) ಕಟ್ ದಾಟಿಯೂ ಅದೇ ಜಾಗದಲ್ಲಿ ಮುಂದುವರಿಯುತ್ತದೆ, ಎರಡು ಫ್ರೇಮಿನ ನಡುವಿನ ಫ್ರೇಮ್ ಲೈನನ್ನೂ ಸೀಳಿಕೊಂಡು ಹೋಗುತ್ತದೆ. ಹಗ್ಗ ಕಟ್‌ನಲ್ಲಿ ನಿಲ್ಲುತ್ತದೆ, ಗಾಳಿಗೆ ಒಂದೆರಡು ಪಿಕ್ಸೆಲ್ ಆಡುತ್ತದೆ. ಓವರ್‌ಸ್ಕ್ಯಾನನ್ನು (ಫ್ರೇಮಿನ ಅಂಚಿನಾಚೆಯ ಭಾಗವನ್ನು) ಕ್ರಾಪ್ ಮಾಡುವ ಮೊದಲೇ ಫ್ರೇಮ್ ಲೈನ್ ನೋಡಿದ್ದರೆ ಹತ್ತು ಸೆಕೆಂಡಿನ ಕೆಲಸ.

ಇದ್ಯಾವುದೂ ಕ್ಯೂಸಿಯಲ್ಲಿ, ಅಂದರೆ ಗುಣಮಟ್ಟದ ತಪಾಸಣೆಯಲ್ಲಿ, ಸಿಗಲಿಲ್ಲ. ಶೀಟಿನಲ್ಲಿ ಡಸ್ಟ್, ಸ್ಕ್ರ್ಯಾಚ್, ಜಿಟರ್ (ಅಲುಗಾಟ), ವಾರ್ಪ್‌ಗೆ (ಸೊಟ್ಟಕ್ಕೆ) ಕಾಲಂ ಇದೆ. ಫಿಲ್ಮನ್ನು ಅದರ ವೇಗದಲ್ಲಿ ಒಮ್ಮೆ ಮೊದಲಿಂದ ಕೊನೆಯವರೆಗೆ ನೋಡಲು ಯಾರಿಗೂ ಗಂಟೆ ಕೊಟ್ಟಿಲ್ಲ. ಲೆಕ್ಕವೆಲ್ಲ ದಿನಕ್ಕೆ ಎಷ್ಟು ಫ್ರೇಮ್ ಎಂಬುದರ ಮೇಲೆ. 13 ನಿಮಿಷದ ಫಿಲ್ಮಿಗೆ 13 ನಿಮಿಷ ಉಳಿಸಲು ಹೋಗಿ ಎರಡು ದಿನ ರೀ-ರೆಂಡರ್‌ಗೆ ಹೋಯಿತು.

ಗ್ರೇಡಿಂಗ್‌ನಲ್ಲಿ ನೀಲಿಯನ್ನು ಗೇನ್ ಕಡೆಯಿಂದ, ಅಂದರೆ ಬೆಳಕಿನ ಭಾಗಗಳಿಗೆ, ಕೊಟ್ಟೆವು. ಡೈಯಲ್ಲಿ ಅದ್ದುವ ಟಿಂಟಿಂಗ್ ಇಡೀ ಫ್ರೇಮಿಗೇ ಬಣ್ಣ ಹಿಡಿಸುತ್ತದೆ. ಬಿಳಿ ನೀಲಿಯಾಗಬೇಕು, ಕಪ್ಪು ಕಪ್ಪಾಗಿಯೇ ಇರಬೇಕು. ಲಿಫ್ಟ್‌ನಲ್ಲಿ, ಅಂದರೆ ಕಪ್ಪು ಭಾಗಗಳಲ್ಲಿ, ಬಣ್ಣ ತುಂಬಿದರೆ ಅದು ಟೋನಿಂಗ್‌ನಂತೆ ಕಾಣುತ್ತದೆ; ಟೋನಿಂಗ್ ಕಪ್ಪಿಗೆ ಬಣ್ಣ ಕೊಡುವ ಬೇರೆಯೇ ಪ್ರಕ್ರಿಯೆ. ಡೈಯ ಸರಿಯಾದ ಛಾಯೆ ಹೇಳಲು ನೈಟ್ರೇಟ್ ಇಲ್ಲ. ಆದ್ದರಿಂದ ಟಿಂಟ್ ಮಾಡಿದ ಆವೃತ್ತಿಯ ಜೊತೆ ಕಪ್ಪು-ಬಿಳುಪಿನದನ್ನೂ ಬೇರೆಯಾಗಿ ಕೊಟ್ಟೆವು. ನೀಲಿ ನಮ್ಮ ಊಹೆ, ಆಧಾರ ಸ್ಪ್ಲೈಸ್, ಡೆನ್ಸಿಟಿ ಮತ್ತು ಲಾಟೀನು ಎಂದು ರಿಪೋರ್ಟಿನಲ್ಲಿ ಫ್ರೇಮ್ ನಂಬರಿನ ಸಮೇತ ಬರೆದೆವು. ಕಾರ್ಡು ತನ್ನ ಹಳೆಯ ಜಾಗಕ್ಕೇ ಹೋಯಿತು.