ಮುಂಗಾಜಿನ ಮೇಲಿನ ಬಿಳಿ ಉಂಗುರಗಳು

2024 ನವೆಂಬರ್ 17, ಭಾನುವಾರ

ನಿನ್ನೆ ರಾತ್ರಿ ಮನೆಗೆ ಹಿಂದಿರುಗುವಾಗ ಎದುರಿನಿಂದ ಬಂದ ವಾಹನದ ಬೆಳಕು ಬಿದ್ದ ಕೂಡಲೇ ಕಾರಿನ ಮುಂಗಾಜು ಹಾಲು ಚೆಲ್ಲಿದಂತೆ ಬೆಳ್ಳಗಾಗಿ, ಎರಡು ಮೂರು ಕ್ಷಣ ರಸ್ತೆಯ ಅಂಚೇ ಕಾಣದಂತಾಯಿತು. ಹಗಲಿನಲ್ಲಿ ಸ್ವಚ್ಛವಾಗಿಯೇ ತೋರುವ ಗಾಜು ಅದು. ನೀರು ಚಿಮ್ಮಿಸಿ ವೈಪರ್ ಹಾಕಿದರೆ ಬೆಳಕು ಇನ್ನಷ್ಟು ಹರಡಿತೇ ಹೊರತು ಕಡಿಮೆಯಾಗಲಿಲ್ಲ. ಆ ಎರಡು ಮೂರು ಕ್ಷಣಗಳ ಭಯ ಬೆಳಗಿನವರೆಗೂ ಮನಸ್ಸಿನಿಂದ ಹೋಗಲಿಲ್ಲವಾದ್ದರಿಂದ, ಇಂದಿನ ದಿನವನ್ನು ಈ ಗಾಜಿಗೇ ಮೀಸಲಿಟ್ಟೆ.

ಬಿಸಿಲೇರುವ ಮುನ್ನ ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಒಣ ಬಟ್ಟೆ ಮುಟ್ಟಿಸದೆ ಮೊದಲು ಧಾರಾಳವಾಗಿ ನೀರು ಸುರಿದು ಧೂಳನ್ನು ಇಳಿಸಿದೆ. ಇದನ್ನು ಬಿಡುವಂತಿಲ್ಲ. ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಗಾಜಿನದು ಸುಮಾರು 5.5, ಧೂಳಿನಲ್ಲಿರುವ ಮರಳಿನ ಸ್ಫಟಿಕದ್ದು 7. ಒಣ ಗಾಜನ್ನು ಬಟ್ಟೆಯಿಂದ ಉಜ್ಜುವುದೆಂದರೆ ಆ ಮರಳಿನಿಂದಲೇ ಗಾಜನ್ನು ಗೀರಿದಂತೆ. ಗಾಜು ಒಣಗಿದ ಮೇಲೆ ಟಾರ್ಚ್ ಅನ್ನು ಓರೆಯಾಗಿ ಹಿಡಿದು ನೋಡಿದಾಗ, ನೇರವಾಗಿ ನೋಡಿದರೆ ಕಾಣದಿದ್ದದ್ದೆಲ್ಲ ಎದ್ದು ಬಂತು. ಗಾಜಿನ ತುಂಬ ಮಳೆಹನಿಯಷ್ಟಗಲದ ಬಿಳಿ ಉಂಗುರಗಳು. ವೈಪರ್ ಓಡಾಡುವ ಜಾಗದಲ್ಲಿ ಬಿಲ್ಲಿನಾಕಾರದ ಜಿಡ್ಡಿನ ಪಟ್ಟಿ. ಮೇಲಿನ ಮೂಲೆಯಲ್ಲಿ ಮರದಿಂದ ತೊಟ್ಟಿಕ್ಕಿ ಗಟ್ಟಿಯಾದ ಹಳದಿ ಅಂಟು. ಮೂರೂ ಬೇರೆ ಬೇರೆ ವಸ್ತುಗಳು, ಒಂದಕ್ಕೆ ಕರಗುವುದು ಇನ್ನೊಂದಕ್ಕೆ ಕರಗುವುದಿಲ್ಲ. ಇಷ್ಟು ದಿನ ಇವೆಲ್ಲವನ್ನೂ ಒಂದೇ ಸೋಪಿನ ನೀರಿನಿಂದ, ಕೈಬಲವನ್ನು ನಂಬಿ ತಿಕ್ಕುತ್ತಿದ್ದೆ.

ಉಂಗುರಗಳಿಗೆ ಕಾರಣ ಗಡಸು ನೀರು. ಬಿಸಿಲಿನಲ್ಲಿ ತೊಳೆದು ಒರೆಸದೆ ಬಿಟ್ಟಾಗ ಹನಿಯೊಳಗಿನ ನೀರು ಆವಿಯಾಗಿ, ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಗಾಜಿನ ಮೇಲೆ ಉಳಿಯುತ್ತವೆ. ಹನಿ ಅಂಚಿನಿಂದ ಒಣಗುತ್ತ ಬರುವಾಗ ಒಳಗಿನ ನೀರು ಅಂಚಿನತ್ತ ಹರಿಯುವುದರಿಂದ ಲವಣವೂ ಅಲ್ಲಿಯೇ ಹೆಚ್ಚು ಕೂಡುತ್ತದೆ. ಆದ್ದರಿಂದಲೇ ಕಲೆಯ ನಡುಭಾಗ ತೆಳುವಾಗಿ, ಸುತ್ತಲ ಬಳೆ ದಪ್ಪವಾಗಿರುತ್ತದೆ. ಈ ಲವಣಕ್ಕೆ ಸೋಪು ಏನೂ ಮಾಡದು, ಆಮ್ಲ ಬೇಕು. ಸುಮಾರು 5 ಶೇಕಡಾ ಅಸಿಟಿಕ್ ಆಮ್ಲವಿರುವ ಬಿಳಿ ವಿನೆಗರ್‌ನಲ್ಲಿ ಟಿಶ್ಯೂ ಕಾಗದಗಳನ್ನು ನೆನೆಸಿ, ಗಾಜಿನ ಮೇಲೆ ಗಾಳಿ ಸೇರದಂತೆ ಅಂಟಿಸಿದೆ. ಬಾನೆಟ್ಟಿನ ಬಣ್ಣಕ್ಕೂ ಅಂಚಿನ ರಬ್ಬರಿಗೂ ಇಳಿಯದಿರಲೆಂದು ಕೆಳಗೆ ಒದ್ದೆ ಟವಲ್ ಹಾಸಿದ್ದೆ. ಒಂದು ಕಾಗದದ ಅಂಚನ್ನು ಮೆಲ್ಲನೆ ಎತ್ತಿ ಕಣ್ಣು ಹತ್ತಿರ ತಂದು ನೋಡಿದರೆ, ಉಂಗುರದ ಬಳೆಯುದ್ದಕ್ಕೂ ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಕಾರ್ಬೊನೇಟ್ ಕರಗಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿದೆ ಎಂಬುದನ್ನು ಅಷ್ಟು ಹತ್ತಿರದಿಂದ ಕಂಡದ್ದು ಇದೇ ಮೊದಲು. ಕೆಲಸ ಮರೆತು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತೆ.

ವಿನೆಗರ್‌ಗೆ ಅಡಿಗೆ ಸೋಡಾ ಬೆರೆಸಿ ಹಚ್ಚಿರೆಂದು ಹಲವರು ಹೇಳುವುದುಂಟು. ಆಮ್ಲಕ್ಕೆ ಕ್ಷಾರ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ. ನೊರೆ ನೋಡಲು ಚೆನ್ನಾಗಿರುತ್ತದೆ, ಅಷ್ಟೇ.

ಹತ್ತು ಹತ್ತು ನಿಮಿಷದಂತೆ ಎರಡು ಸಲ ನೆನೆಸಿ, ತೊಳೆದು ಒರೆಸಿದಾಗ ಬಹುಪಾಲು ಉಂಗುರಗಳು ಹೋಗಿದ್ದವು. ಉಳಿದ ಏಳೆಂಟು ಕಲೆಗಳು ವಿನೆಗರ್‌ಗೆ ಜಗ್ಗಲಿಲ್ಲ. ನೀರಿನಲ್ಲಿರುವ ಸಿಲಿಕಾ ಗಾಜಿಗೆ ಕಚ್ಚಿಕೊಂಡಿದ್ದರೆ ಇಂಥ ಸೌಮ್ಯ ಆಮ್ಲದಿಂದ ಅದು ಕರಗುವುದಿಲ್ಲ, ಏಕೆಂದರೆ ಗಾಜಿನ ಮೂಲದ್ರವ್ಯವೂ ಅದೇ. ಅಲ್ಲಿಗೆ ಬೇಕಾದದ್ದು ಸೀರಿಯಂ ಆಕ್ಸೈಡ್, ಕನ್ನಡಕ ಮತ್ತು ಮಸೂರಗಳನ್ನು ಪಾಲಿಶ್ ಮಾಡಲು ಬಳಸುವ ನಸುಹಳದಿ ಪುಡಿ. ಅದನ್ನು ನೀರಿನಲ್ಲಿ ಕಲಸಿ, ಫೆಲ್ಟ್ ಎಂಬ ಒತ್ತಿ ಮಾಡಿದ ದಪ್ಪ ಬಟ್ಟೆಯ ತುಂಡಿನಿಂದ ಒಂದೊಂದೇ ಕಲೆಯ ಮೇಲೆ ಸುತ್ತಿ ಸುತ್ತಿ ಉಜ್ಜಿದೆ. ಪೇಸ್ಟ್ ಒಣಗುವ ಮೊದಲೇ ಮತ್ತೆ ನೀರು ಚಿಮುಕಿಸುತ್ತಿದ್ದೆ. ಯಂತ್ರಕ್ಕೆ ಪ್ಯಾಡ್ ಕಟ್ಟಿ ಮಾಡುವವರಿದ್ದಾರೆ, ಆದರೆ ಒಂದೇ ಜಾಗ ಬಿಸಿಯಾದರೆ ಗಾಜು ಬಿರುಕು ಬಿಡಬಹುದಾದ್ದರಿಂದ ನನಗೆ ಕೈಯೇ ಸಾಕೆನಿಸಿತು. ತೋಳು ನೋಯುವಷ್ಟು ಹೊತ್ತು ಹಿಡಿದರೂ ಆರು ಕಲೆಗಳು ಪೂರ್ತಿಯಾಗಿ ಹೋದವು.

ಜಿಡ್ಡಿನ ಪಟ್ಟಿಗೂ ಮರದ ಅಂಟಿಗೂ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕಾಯಿತು. ಅಂಟಿನ ಮೇಲೆ ಆಲ್ಕೋಹಾಲ್ ನೆನೆಸಿದ ಹತ್ತಿಯನ್ನು ಮೂರು ನಿಮಿಷ ಒತ್ತಿ ಹಿಡಿದ ಮೇಲೆ ಅದು ಮೆತ್ತಗಾಗಿ ಪ್ಲಾಸ್ಟಿಕ್ ಸ್ಕ್ರೇಪರ್‌ಗೆ ಎದ್ದು ಬಂತು. ಜಿಡ್ಡಿನ ಮೂಲ ಮಾತ್ರ ಗಾಜಿನಲ್ಲಿರಲಿಲ್ಲ: ವೈಪರಿನ ರಬ್ಬರಿನುದ್ದಕ್ಕೂ ಆಲ್ಕೋಹಾಲ್ ನೆನೆಸಿದ ಬಟ್ಟೆಯನ್ನು ಎಳೆದಾಗ ಬಟ್ಟೆ ಮಸಿಯಾಯಿತು, ನಾಲ್ಕನೆಯ ಸಲಕ್ಕೆ ತಿಳಿಯಾಯಿತು. ಗಾಜನ್ನಷ್ಟೇ ಒರೆಸಿ ವೈಪರ್ ಬಿಟ್ಟಿದ್ದರೆ ಮೊದಲ ಮಳೆಗೇ ಪಟ್ಟಿ ಮರಳಿ ಬರುತ್ತಿತ್ತು.

ಹೊರಗಿನ ಕೆಲಸ ಮುಗಿಯಿತೆಂದು ಒಳಗೆ ಕುಳಿತು ನೋಡಿದರೆ ಮಂಜು ಇನ್ನೂ ಇತ್ತು. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಹೊರಡುವ ಆವಿ ಗಾಜಿನ ಒಳಮೈಗೆ ತೆಳ್ಳಗಿನ ಎಣ್ಣೆಯ ಪೊರೆಯಾಗಿ ಕೂತಿತ್ತು. ಬೆರಳಿಂದ ಎಳೆದ ಗೆರೆ ಅಚ್ಚಾಗಿ ಮೂಡಿತು. ನೀರಿಗೆ ಸ್ವಲ್ಪ ಆಲ್ಕೋಹಾಲ್ ಬೆರೆಸಿ, ಒಂದು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ಇನ್ನೊಂದರಿಂದ ಒಣಗಿಸಿದೆ. ಒಳಗೆ ಅಡ್ಡಡ್ಡ, ಹೊರಗೆ ಉದ್ದುದ್ದ ಒರೆಸುವ ಹಳೆಯ ಉಪಾಯ ಇಲ್ಲಿ ನೆರವಾಯಿತು, ಏಕೆಂದರೆ ಉಳಿದ ಗೆರೆ ಅಡ್ಡವಿದ್ದರೆ ಅದು ಒಳಗಿನದೆಂದು ತಕ್ಷಣ ತಿಳಿಯುತ್ತದೆ. ಗಾಜಿಗೆ ಫಿಲ್ಮ್ ಅಂಟಿಸಿದ್ದರೆ ಅಮೋನಿಯಾ ಇರುವ ದ್ರಾವಣವನ್ನು ಒಳಗೆ ಬಳಸಬಾರದು, ಅದು ಫಿಲ್ಮನ್ನು ಹಾಳುಮಾಡುತ್ತದೆ.

ಕೊನೆಗೆ ಉಳಿದದ್ದು ಕೂದಲೆಳೆಯಂಥ ಒಂದು ಬಾಗಿದ ಗೆರೆ. ಉಗುರನ್ನು ಅಡ್ಡಕ್ಕೆ ಎಳೆದಾಗ ಉಗುರು ತಡೆಯಿತು; ಹಾಗಾದರೆ ಅದು ಕಲೆಯಲ್ಲ, ಗೀರು. ಮುಂಗಾಜೆಂದರೆ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಬೆಸೆದ ಎರಡು ಗಾಜುಗಳು, ಹೊರಗಿನದರ ದಪ್ಪ ಎರಡು ಮಿಲಿಮೀಟರಿನ ಆಸುಪಾಸು. ಉಗುರು ತಡೆಯುವಷ್ಟು ಆಳದ ಗೀರು ಹೋಗುವವರೆಗೆ ಉಜ್ಜಿದರೆ ಅಲ್ಲಿ ತಗ್ಗು ಬಿದ್ದು, ಮಸೂರದ ಹಾಗೆ ಎದುರಿನ ನೋಟವನ್ನೇ ಡೊಂಕಾಗಿಸುತ್ತದೆ. ಅದು ಚಾಲಕನ ಕಣ್ಣೆದುರಿನಲ್ಲಿರುವುದರಿಂದ ಹಾಗೆಯೇ ಬಿಟ್ಟೆ. ಗೆರೆಯ ಜಾಡು ಹಿಡಿದು ವೈಪರಿನ ರಬ್ಬರನ್ನು ತಡಕಿದಾಗ, ಸರಿಯಾಗಿ ಅದೇ ಅಳತೆಯಲ್ಲಿ ಒಂದು ಮರಳ ಕಣ ರಬ್ಬರಿನ ಅಂಚಿನಲ್ಲಿ ಹೂತುಕೊಂಡಿತ್ತು. ನಾನು ಬಟ್ಟೆಯಿಂದ ಎಳೆದಾಗಲೂ ಅದು ಕದಲಿರಲಿಲ್ಲ.

ಕತ್ತಲಾದ ಮೇಲೆ ಕಾರನ್ನು ಸ್ವಲ್ಪ ದೂರ ಓಡಿಸಿ ಬಂದೆ. ಎದುರಿನ ದೀಪಗಳು ಎರಡು ಬಿಂದುಗಳಾಗಿಯೇ ಉಳಿದವು. ಗೀರಿನ ಜಾಗದಲ್ಲಿ ಮಾತ್ರ ಒಂದು ದಾರದಂಥ ಮಿಂಚು ಹಾದುಹೋಯಿತು. ಹೊಸ ವೈಪರ್ ಬ್ಲೇಡುಗಳು ಬರುವವರೆಗೆ ಮನೆಯವರು ಯಾರೂ ವೈಪರ್ ಹಾಕದಿರಲೆಂದು ಸ್ಟಿಯರಿಂಗ್ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ.