ತಗ್ಗಿ ನಡೆಯಬಾರದೇ ಎಂದು ಕೇಳುವವರಿಗೆ

"ನೀವು ಕ್ರೈಸ್ತರಲ್ಲವೇ, ಸ್ವಲ್ಪ ತಗ್ಗಿ ನಡೆಯಬಾರದೇ?" ನೆರೆಹೊರೆಯವರು ಕೇಳುತ್ತಾರೆ, ಸಹೋದ್ಯೋಗಿಗಳು ಕೇಳುತ್ತಾರೆ, ಎಲ್ಲರಿಗಿಂತ ಹೆಚ್ಚಾಗಿ ನಮ್ಮ ಸಭೆಯವರೇ, ಅಂದರೆ ನಮ್ಮ ಚರ್ಚಿನವರೇ ಕೇಳುತ್ತಾರೆ. ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿದೆ. ಕ್ರಿಸ್ತನನ್ನು ಹಿಂಬಾಲಿಸುವವರು ದೀನತೆಯಿಂದ ಬಾಳಬೇಕೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ನನ್ನ ತಕರಾರು ಈ ಪ್ರಶ್ನೆ ಹುಟ್ಟುವ ಗಳಿಗೆಯ ಬಗ್ಗೆ. ಮೇಲೆ ಕುಳಿತವರು ದರ್ಪದಿಂದ ಮಾತನಾಡಿದಾಗ ಇದನ್ನು ಯಾರೂ ಕೇಳುವುದಿಲ್ಲ. ಕೆಳಗೆ ಕುಳಿತವರು ಲೆಕ್ಕ ಕೇಳಿದ ಕೂಡಲೇ ಎಲ್ಲರಿಗೂ ದೀನತೆ ನೆನಪಾಗುತ್ತದೆ.

ನಮ್ಮ ಚರ್ಚಿನ ಸುಗ್ಗಿ ಹಬ್ಬದಲ್ಲಿ ಜನರು ತಂದೊಪ್ಪಿಸಿದ ತೆಂಗಿನಕಾಯಿ, ಬಾಳೆಗೊನೆ, ಕೋಳಿಗಳನ್ನು ಹರಾಜು ಹಾಕಿ ಬಂದ ಹಣ ಯಾವ ಕೆಲಸಕ್ಕೆ ಹೋಯಿತೆಂದು ನಾನೊಮ್ಮೆ ವಾರ್ಷಿಕ ಸಭೆಯಲ್ಲಿ ಕೇಳಿದೆ. ಯಾರ ಮೇಲೂ ಆರೋಪ ಹೊರಿಸಿರಲಿಲ್ಲ. ಹಿರಿಯರೊಬ್ಬರು, "ತಂಗೀ, ಮೊದಲು ದೀನತೆ ಕಲಿ" ಎಂದರು. ಆ ಹಬ್ಬಕ್ಕೆ ನಸುಕಿನಿಂದ ಅಡುಗೆ ಮಾಡಿ, ಎಲ್ಲರೂ ಉಂಡೆದ್ದ ಮೇಲೆ ಪಾತ್ರೆ ಬೆಳಗಿದ್ದ ಸ್ತ್ರೀಯರ ಕೂಟದವರೆಲ್ಲ ಹಿಂದಿನ ಬೆಂಚುಗಳಲ್ಲಿ ಇದನ್ನು ಕೇಳಿಸಿಕೊಂಡರು. ಲೆಕ್ಕ ಮಾತ್ರ ಹೊರಗೆ ಬರಲಿಲ್ಲ.

ಇಂಥ ಉಪದೇಶಕ್ಕೆ ಸಾಮಾನ್ಯವಾಗಿ ಎತ್ತಿಕೊಳ್ಳುವ ವಾಕ್ಯವು ಅಪೊಸ್ತಲನಾದ ಪೌಲನು ಫಿಲಿಪ್ಪಿ ಪಟ್ಟಣದ ಕ್ರೈಸ್ತ ಸಭೆಗೆ ಬರೆದ, ಬೈಬಲಿನಲ್ಲಿರುವ ಪತ್ರಿಕೆಯ ಎರಡನೆಯ ಅಧ್ಯಾಯದ್ದು: ಪ್ರತಿಯೊಬ್ಬರೂ ದೀನಭಾವದಿಂದ ಮತ್ತೊಬ್ಬರನ್ನು ತಮಗಿಂತ ಶ್ರೇಷ್ಠರೆಂದು ಎಣಿಸಬೇಕು ಎಂಬುದು. ಅದೇ ಪೌಲನು ಅದೇ ಫಿಲಿಪ್ಪಿ ಪಟ್ಟಣದಲ್ಲಿ ಹೇಗೆ ನಡೆದುಕೊಂಡನೆಂಬುದು ಬೈಬಲಿನ ಅಪೊಸ್ತಲರ ಕೃತ್ಯಗಳೆಂಬ ಪುಸ್ತಕದ 16ನೆಯ ಅಧ್ಯಾಯದಲ್ಲಿದೆ. ಅವನನ್ನೂ ಜೊತೆಗಾರನಾದ ಸೀಲನನ್ನೂ ವಿಚಾರಣೆಯಿಲ್ಲದೆ ಎಲ್ಲರೆದುರು ಹೊಡೆಸಿ ಸೆರೆಗೆ ಹಾಕಿದ ಅಧಿಪತಿಗಳು, ಬೆಳಗಾದಾಗ ಸದ್ದಿಲ್ಲದೆ ಬಿಟ್ಟುಬಿಡಲು ಹೇಳಿಕಳುಹಿಸಿದರು. ಪೌಲನು ಒಪ್ಪಲಿಲ್ಲ. ತಾವು ರೋಮಿನ ಪೌರರು, ಬಹಿರಂಗವಾಗಿ ಹೊಡೆದವರು ಗುಟ್ಟಾಗಿ ಹೊರಹಾಕುವುದು ಸಲ್ಲದು, ಅವರೇ ಬಂದು ಕರೆದುಕೊಂಡು ಹೋಗಲಿ ಎಂದನು. ಅವರು ಬಂದರು, ಬೇಡಿಕೊಂಡರು. ದೀನತೆಯ ಪತ್ರಿಕೆಯನ್ನು ಮುಂದೆ ಓದಿದ ಆ ಊರಿನ ಸಭೆಗೆ ಈ ಸಂಗತಿ ತಿಳಿಯದೆ ಇದ್ದಿರಲಾರದು.

ಆದ್ದರಿಂದ ಯಾರಾದರೂ ನನ್ನನ್ನು ಕೇಳಬೇಕಿದ್ದ ಪ್ರಶ್ನೆ ಬೇರೆಯೇ: ನಿಮ್ಮ ಕೈಕೆಳಗಿರುವವರೊಂದಿಗೆ ನೀವು ಹೇಗೆ ನಡೆದುಕೊಳ್ಳುತ್ತೀರಿ? ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯವು ಇದನ್ನೇ ಕೇಳುತ್ತದೆ ಎಂದು ನಾನು ನಂಬುತ್ತೇನೆ. ಎಲ್ಲವೂ ತನ್ನ ಕೈಗೆ ಒಪ್ಪಿಸಲ್ಪಟ್ಟಿದೆಯೆಂದು ತಿಳಿದೇ ಯೇಸು ಊಟದಿಂದ ಎದ್ದು, ನಡುವಿಗೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಪಾದಗಳನ್ನು ತೊಳೆದನು. ಮುಂದೆ ಅವನನ್ನು ವೈರಿಗಳಿಗೆ ಹಿಡಿದುಕೊಡಲಿದ್ದ ಶಿಷ್ಯ ಯೂದನೂ ಆಗ ಅಲ್ಲಿಯೇ ಇದ್ದನು. ಗುರುವೇ ಬಾಗಿದನು, ಶಿಷ್ಯರಿಂದ ತನ್ನ ಪಾದ ತೊಳೆಸಿಕೊಂಡು ಅದನ್ನು ಪಾಠವೆಂದು ಕರೆಯಲಿಲ್ಲ. 6ನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟನು ತನ್ನ ಮಠದ ನಿಯಮದಲ್ಲಿ ಅಡುಗೆಮನೆಯ ಸೇವೆಯನ್ನು ವಾರದ ಸರದಿಗೆ ಹಾಕಿ, ವಾರ ಮುಗಿಸಿದವನೂ ಹೊಸದಾಗಿ ಆರಂಭಿಸುವವನೂ ಎಲ್ಲರ ಪಾದ ತೊಳೆಯಬೇಕೆಂದು ವಿಧಿಸಿದನು. ಮುಖ್ಯ ವಿಷಯಗಳಲ್ಲಿ ಮಠಾಧಿಪತಿಯು ಎಲ್ಲರ ಅಭಿಪ್ರಾಯವನ್ನೂ ಕೇಳಬೇಕು, ಉತ್ತಮವಾದುದನ್ನು ದೇವರು ಅನೇಕ ವೇಳೆ ಕಿರಿಯನಿಗೇ ತಿಳಿಸುತ್ತಾನೆ ಎಂಬ ಮಾತೂ ಆ ನಿಯಮದಲ್ಲಿದೆ. ನಮ್ಮ ವಾರ್ಷಿಕ ಸಭೆಗಳಲ್ಲಿ ಇದನ್ನು ಗಟ್ಟಿಯಾಗಿ ಓದಬೇಕೆಂಬುದು ನನ್ನ ಆಸೆ.

ಆ ಪ್ರಶ್ನೆಗೆ ನನ್ನ ಉತ್ತರ ಸರಳವಾಗಿದೆ. ಮನೆಗೆಲಸಕ್ಕೆ ಬರುವಾಕೆಗೆ ನಮ್ಮ ಮನೆಯಲ್ಲಿ ಬೇರೆ ಲೋಟವಿಲ್ಲ. ಪ್ರತಿ ಭಾನುವಾರ ಚರ್ಚಿನಲ್ಲಿ ಒಂದೇ ಪಾತ್ರೆಯಿಂದ ಕರ್ತನ ಭೋಜನದ ದ್ರಾಕ್ಷಾರಸ ಸ್ವೀಕರಿಸುವ ಎಷ್ಟೋ ಮನೆಗಳಲ್ಲಿ ಆ ಲೋಟ ಇನ್ನೂ ಪ್ರತ್ಯೇಕವಾಗಿ ಬೋರಲು ಬಿದ್ದಿರುತ್ತದೆ. ದೀನತೆಯ ಮಾತು ಅಲ್ಲಿಂದ ಆರಂಭವಾಗಲಿ. ಆಕೆ ಬಾಯಿಬಿಟ್ಟು ಕೇಳುವ ಮೊದಲೇ ಸಂಬಳ ಕೊಡುತ್ತೇನೆ. ಮಕ್ಕಳ ಬಳಿ ಕ್ಷಮೆ ಕೇಳುವಾಗ "ಆದರೆ" ಎಂದು ಮುಂದುವರಿಸುವುದಿಲ್ಲ. ಕೊಟ್ಟ ಕಾಣಿಕೆಯ ಮೊತ್ತವನ್ನು ಹೆಸರಿನೊಂದಿಗೆ ಓದಿಸುವುದಿಲ್ಲ. ಇವೆಲ್ಲ ಅಭ್ಯಾಸದಿಂದ ಬರುತ್ತವೆ. ನನಗೆ ಇನ್ನೂ ಪ್ರಾರ್ಥನೆಯಿಲ್ಲದೆ ಸಾಧ್ಯವಾಗದಿರುವುದು ಒಂದೇ: ನನಗೆ ಇಷ್ಟವಿಲ್ಲದವರು ಒಳ್ಳೆಯ ಕೆಲಸ ಮಾಡಿದಾಗ ಅದನ್ನು ಅವರೆದುರೇ, ನಾಲ್ಕು ಜನರ ಮುಂದೆ, ಮನಸಾರೆ ಹೇಳುವುದು.